ಮೂರು ಲಾರ್ಜ್ ಕ್ಯಾಪ್ ಫಂಡ್‌ಗಳಿದ್ದರೆ ಹಣ ಎಲ್ಲ ವಲಯಗಳಿಗೂ ಹಂಚಿಹೋದಂತೆಯೇ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರ ಉದ್ಯೋಗಿ. ಮೂರು ಬೇರೆ ಬೇರೆ ಸಂಸ್ಥೆಗಳ ಲಾರ್ಜ್ ಕ್ಯಾಪ್ ಫಂಡ್‌ಗಳಿಗೆ, ಮೂರನ್ನೂ ಗ್ರೋತ್ ಆಯ್ಕೆಯಲ್ಲಿಯೇ ಇಟ್ಟು, ಪ್ರತಿ ತಿಂಗಳು ಸಮನಾಗಿ ಎಸ್‌ಐಪಿ ಕಟ್ಟುತ್ತಿದ್ದೇನೆ. ಕಂಪನಿಯವರು ಕೊಟ್ಟ ಷೇರುಗಳೂ ನನ್ನಲ್ಲಿವೆ. ನನಗೆ ಪರಿಚಿತ ಕ್ಷೇತ್ರವಾದ್ದರಿಂದ ಈಗ ತಂತ್ರಜ್ಞಾನ ವಲಯದ ಫಂಡ್ ಒಂದನ್ನು ಸೇರಿಸಿದರೆ ಹೂಡಿಕೆ ಇನ್ನಷ್ಟು ಹಂಚಿದಂತಾಗುವುದೇ? ಗ್ರೋತ್ ಎಂದರೆ ವೇಗವಾಗಿ ಬೆಳೆಯುವ ಕಂಪನಿಗಳನ್ನೇ ಆರಿಸುತ್ತಾರೆ ಎಂಬ ನನ್ನ ತಿಳಿವಳಿಕೆ ಸರಿಯೇ? ದಯವಿಟ್ಟು ತಿಳಿಸಿ.

ಉತ್ತರ 1:
ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಗ್ರೋತ್ ಆಯ್ಕೆಯಲ್ಲಿ ಲಾಭವನ್ನು ನಿಮಗೆ ಹಂಚದೆ ಫಂಡ್‌ನಲ್ಲಿಯೇ ಉಳಿಸಲಾಗುತ್ತದೆ, ಅಷ್ಟೆ. ಯಾವ ಷೇರು ಕೊಳ್ಳುತ್ತಾರೆ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿಯ 2017ರ ವರ್ಗೀಕರಣದ ಪ್ರಕಾರ ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 100 ಸ್ಥಾನಗಳಲ್ಲಿರುವ ಕಂಪನಿಗಳು ಲಾರ್ಜ್ ಕ್ಯಾಪ್. ಈ ಬಗೆಯ ಫಂಡ್ ತನ್ನ ಹಣದಲ್ಲಿ ಕನಿಷ್ಠ ಶೇ. 80ನ್ನು ಅವುಗಳಲ್ಲೇ ಹೂಡಬೇಕು. ಹೀಗಾಗಿ ನಿಮ್ಮ ಮೂವರು ಫಂಡ್ ಮ್ಯಾನೇಜರ್‌ಗಳೂ ಬಹುಪಾಲು ಒಂದೇ ಪಟ್ಟಿಯಿಂದ ಆರಿಸುತ್ತಿದ್ದಾರೆ, ಮತ್ತು ಆ ಪಟ್ಟಿಯ ಮೇಲ್ತುದಿಯಲ್ಲಿ ದೊಡ್ಡ ಬ್ಯಾಂಕುಗಳೇ ಎದ್ದು ಕಾಣುತ್ತವೆ. 50 ದೊಡ್ಡ ಕಂಪನಿಗಳ ಸೂಚ್ಯಂಕವಾದ ನಿಫ್ಟಿ 50ರಲ್ಲಿಯೇ ಹಣಕಾಸು ಸೇವೆಗಳ ತೂಕ ಸುಮಾರು ಮೂರನೇ ಒಂದು ಭಾಗದಷ್ಟಿದೆ. ಒಂದೇ ಕಂಪನಿಯಲ್ಲಿ ಶೇ. 10ಕ್ಕಿಂತ ಹೆಚ್ಚು ಹೂಡಬಾರದೆಂಬ ಮಿತಿ ಇದ್ದರೂ, ನಾಲ್ಕೈದು ಬ್ಯಾಂಕುಗಳ ಪಾಲನ್ನು ಕೂಡಿಸಿದಾಗ ಆ ವಲಯದ ಮೊತ್ತ ದೊಡ್ಡದಾಗಿಯೇ ಬೆಳೆಯುತ್ತದೆ. ಮೂರು ಫಂಡ್‌ಗಳಲ್ಲೂ ಬ್ಯಾಂಕುಗಳ ಪಾಲು ಶೇ. 30 ಇದ್ದರೆ ನಿಮ್ಮ ಒಟ್ಟು ಹಣದಲ್ಲಿಯೂ ಅದು ಶೇ. 30, ಫಂಡ್‌ಗಳ ಸಂಖ್ಯೆ ಹೆಚ್ಚಿದ್ದರಿಂದ ಅದು ಕಡಿಮೆಯಾಗುವುದಿಲ್ಲ. ಪ್ರತಿ ತಿಂಗಳೂ ಸಂಸ್ಥೆಗಳು ತಮ್ಮ ಜಾಲತಾಣದಲ್ಲಿ ಪ್ರಕಟಿಸುವ ಪೋರ್ಟ್‌ಫೋಲಿಯೊ ಪಟ್ಟಿಗಳನ್ನು ಇಳಿಸಿಕೊಂಡು, ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಮೊದಲ ಹತ್ತು ಹೆಸರುಗಳನ್ನು ಓದಿ ನೋಡಿ.

ಉತ್ತರ 2:
ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ನನಗೆ ಹೆಚ್ಚು ಆತಂಕ ತರುವುದು ನಿಮ್ಮ ತಂತ್ರಜ್ಞಾನ ಫಂಡ್‌ನ ಯೋಚನೆ. ನಿಮ್ಮ ಸಂಬಳ ಬರುವುದು ಆ ವಲಯದಿಂದ, ಕಂಪನಿಯ ಷೇರುಗಳು ಆ ವಲಯದವು, ಲಾರ್ಜ್ ಕ್ಯಾಪ್ ಫಂಡ್‌ಗಳಲ್ಲಿಯೂ ಐಟಿ ಕಂಪನಿಗಳು ಇದ್ದೇ ಇರುತ್ತವೆ. 2022ರಲ್ಲಿ ನಿಫ್ಟಿ 50 ಅಲ್ಪ ಏರಿಕೆ ಕಂಡ ವರ್ಷದಲ್ಲಿಯೇ ನಿಫ್ಟಿ ಐಟಿ ಸೂಚ್ಯಂಕ ಸುಮಾರು ಕಾಲು ಭಾಗದಷ್ಟು ಕುಸಿಯಿತು. ಅಂಥ ಕಾಲದಲ್ಲಿ ಹೊಸ ನೇಮಕ, ಸಂಬಳದ ಏರಿಕೆ, ಷೇರಿನ ಬೆಲೆ ಎಲ್ಲವೂ ಒಟ್ಟಿಗೇ ಸೊರಗುತ್ತವೆ. ದೊಡ್ಡ ಕಂಪನಿ ಎಂಬುದೇ ರಕ್ಷಣೆಯಲ್ಲ: 2009ರ ಜನವರಿಯಲ್ಲಿ ಐಟಿ ಕಂಪನಿ ಸತ್ಯಂನ ಲೆಕ್ಕಪತ್ರದ ವಂಚನೆ ಬಯಲಾದ ದಿನ, ಆಗ ನಿಫ್ಟಿಯಲ್ಲಿದ್ದ ಆ ಷೇರು ಒಂದೇ ದಿನದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮೌಲ್ಯ ಕಳೆದುಕೊಂಡಿತು. ಕ್ಷೇತ್ರದ ಪರಿಚಯವಿದೆ ಎಂಬ ಕಾರಣಕ್ಕೆ ಅದರಲ್ಲಿಯೇ ಮತ್ತಷ್ಟು ಹಣ ಇಡುವುದನ್ನು ನಾನಂತೂ ಸಲಹೆ ಮಾಡಲಾರೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಪಟ್ಟಿಗಳನ್ನು ಹೋಲಿಸಿದೆ, ಮೊದಲ ಹತ್ತರಲ್ಲಿ ಹೆಚ್ಚಿನವು ಮೂರರಲ್ಲೂ ಇವೆ. ಹಾಗಾದರೆ ಎರಡು ಫಂಡ್‌ಗಳನ್ನು ಮಾರಿಬಿಡಲೇ?

ಉತ್ತರ 3:
ಅವಸರದಲ್ಲಿ ಮಾರಬೇಡಿ. ಒಂದು ವರ್ಷ ದಾಟಿದ ಈಕ್ವಿಟಿ ಫಂಡ್ ಯೂನಿಟ್‌ಗಳ ಮಾರಾಟದಿಂದ ಬಂದ ಲಾಭ ಹಣಕಾಸು ವರ್ಷವೊಂದರಲ್ಲಿ 1.25 ಲಕ್ಷ ರೂಪಾಯಿ ಮೀರಿದರೆ, ಮೀರಿದ ಮೊತ್ತಕ್ಕೆ ಶೇ. 12.5 ತೆರಿಗೆ ಇದೆ. ವರ್ಷದೊಳಗಿನ ಲಾಭಕ್ಕೆ ಶೇ. 20. ಎಕ್ಸಿಟ್ ಲೋಡ್ (ಬೇಗ ಮಾರಿದರೆ ಫಂಡ್ ಕಡಿದುಕೊಳ್ಳುವ ಶುಲ್ಕ) ಇದೆಯೇ ಎಂಬುದನ್ನೂ ನೋಡಬೇಕು. ಎರಡರ ಎಸ್‌ಐಪಿ ನಿಲ್ಲಿಸಿ, ಹಳೆಯ ಯೂನಿಟ್‌ಗಳನ್ನು ಹಾಗೆಯೇ ಬಿಟ್ಟು, ಹೊಸ ಹಣವನ್ನು ಬೇರೆಡೆಗೆ ತಿರುಗಿಸುವುದು ಸುಲಭ. ನಿಫ್ಟಿ 50ರ ನಂತರದ ಕಂಪನಿಗಳಿರುವ ನಿಫ್ಟಿ ನೆಕ್ಸ್ಟ್ 50 ಇಂಡೆಕ್ಸ್ ಫಂಡ್‌ನಲ್ಲಿ (ಸೂಚ್ಯಂಕದಲ್ಲಿರುವ ಷೇರುಗಳನ್ನೇ ಕೊಳ್ಳುವ ಫಂಡ್) ದೊಡ್ಡ ಬ್ಯಾಂಕುಗಳ ಭಾರ ಅಷ್ಟಿಲ್ಲ, ಆದರೆ ಅದರ ಏರಿಳಿತ ಹೆಚ್ಚು. ಕಂಪನಿಯ ಷೇರುಗಳನ್ನು ಮಾತ್ರ, ತೆರಿಗೆಯ ಲೆಕ್ಕ ಹಾಕಿಕೊಂಡು, ಹಂತಹಂತವಾಗಿ ಕಡಿಮೆ ಮಾಡುತ್ತ ಬನ್ನಿ. ನಿಮ್ಮ ವಿಷಯದಲ್ಲಿ ಮೊದಲು ಆಗಬೇಕಾದ ಕೆಲಸ ಅದೇ.