ತುರ್ತು: ‘ಕೈನೆಟಿಕ್ ಸ್ಕಲ್ಪ್ಚರ್’ಗೆ ಕನ್ನಡ ಪದ

ಬಲ್ಲವರೇ, ನಾಳೆ ಮಧ್ಯಾಹ್ನದೊಳಗೆ ಹಿತ್ತಾಳೆ ಫಲಕಕ್ಕೆ ಪದ ಕೊಡಬೇಕು. ರೇಡಿಯೊಲೇರಿಯ ಎಂಬ ಏಕಕೋಶದ ಸೂಕ್ಷ್ಮ ಸಮುದ್ರಜೀವಿಯ ಬಲೆಗೂಡನ್ನು ನೋಡಿ ಮಾಡಿದ ಸ್ಟೇನ್‌ಲೆಸ್ ಸ್ಟೀಲ್ ಗೋಳ. ಕತ್ತರಿಯಂತೆ ಜೋಡಿಸಿದ ಪಟ್ಟಿಗಳು ಗೇರ್ ಮೋಟರಿನಿಂದ ಹಿಗ್ಗಿ ಕುಗ್ಗುತ್ತವೆ. ಇಂಥ ಅಲುಗುವ ಶಿಲ್ಪಕ್ಕೆ ‘ಚಲನಶಿಲ್ಪ’ ಸರಿಯೇ? ‘ಪ್ಲಾಂಕ್ಟನ್’ಗೂ, ಅಂದರೆ ನೀರಿನ ಹರಿವಿನೊಂದಿಗೆ ಸಾಗುವ ಇಂಥ ಜೀವಿಗಳಿಗೂ, ಪದ ಬೇಕು.

—

ಚಲನಶಿಲ್ಪ ಬೇಡ, ಚಲನಚಿತ್ರದ ನೆರಳು ಬೀಳುತ್ತದೆ. ಜಂಗಮಶಿಲ್ಪ ಅನ್ನಿ. ಅಮೆರಿಕದ ಶಿಲ್ಪಿ ಕಾಲ್ಡರನ ಅಲುಗುವ ಕೃತಿಗಳಿಗೆ 1931ರಲ್ಲಿ ಕಲಾವಿದ ದ್ಯುಶಾಂ ‘ಮೊಬೈಲ್’ ಎಂದು ಹೆಸರಿಟ್ಟ. ಮರುವರ್ಷ ಇನ್ನೊಬ್ಬ ಕಲಾವಿದ ಆರ್ಪ್ ಅಲುಗದವನ್ನು ‘ಸ್ಟೇಬೈಲ್’ ಎಂದ. ಆ ಜೋಡಿ ನಮ್ಮಲ್ಲಿ ಜಂಗಮ, ಸ್ಥಾವರ ಎಂದು ಮೊದಲೇ ಇದೆ.

—

ಒಪ್ಪುವುದಿಲ್ಲ. ಜಂಗಮದಲ್ಲಿರುವುದು ಗಮ್ ಧಾತು, ಹೋಗುವುದು. ಈ ಗೋಳ ಎಲ್ಲಿಗೂ ಹೋಗುವುದಿಲ್ಲ, ಪೀಠಕ್ಕೆ ಬೋಲ್ಟ್ ಆಗಿದೆ. ಕೀಲುಶಿಲ್ಪ ಎನ್ನಿ, ಕೀಲುಕುದುರೆ, ಕೀಲುಬೊಂಬೆ ಜನರ ಬಾಯಲ್ಲಿವೆ. ಇಂಥ ಕೆಲಸದ ಜೀವವೂ ಕೀಲಿನಲ್ಲೇ. ರಿವೆಟ್ ಬಿಗಿಯಾಗಿ ಬಡಿದರೆ ಒಂದು ಕೀಲು ಹಿಡಿದುಕೊಳ್ಳುತ್ತದೆ, ಮೋಟರ್ ಎಳೆಯುತ್ತಲೇ ಇರುತ್ತದೆ, ಪಕ್ಕದ ಪಟ್ಟಿ ಬಾಗುತ್ತದೆ. ಸಡಿಲ ಬಿಟ್ಟರೆ ಒಂದೊಂದು ಕೀಲಿನ ಆಟವೂ ಕೂಡಿಕೊಂಡು ಗೋಳ ಜೋತುಬೀಳುತ್ತದೆ. ಸ್ಟೇನ್‌ಲೆಸ್‌ಗೆ ಸ್ಟೇನ್‌ಲೆಸ್ ಉಜ್ಜಿದರೆ ಕಚ್ಚಿಕೊಳ್ಳುವುದರಿಂದ ನಡುವೆ ನೈಲಾನ್ ವಾಷರ್ ಬೇಕೇಬೇಕು.

—

ಶಿಲೆಯಲ್ಲಿ ಕಡೆದದ್ದು ಶಿಲ್ಪ, ಇದು ತಗಡು. ಅಲುಗುಗೆತ್ತನೆ ಎಂದರೆ ಅಚ್ಚಗನ್ನಡ. ಪ್ಲಾಂಕ್ಟನ್‌ಗೆ ‘ಅಲೆಯುಸಿರಿ’, ಉಸಿರಿ ಎಂದರೆ ಜೀವಿ. 1887ರಲ್ಲಿ ಜರ್ಮನ್ ವಿಜ್ಞಾನಿ ಹೆನ್ಸೆನ್ ಆ ಪದ ಕಟ್ಟಿದ್ದು ‘ಅಲೆದಾಡುವ’ ಎಂಬ ಗ್ರೀಕ್ ಮಾತಿನಿಂದ. ನಮ್ಮ ‘ಅಲೆ’ ತೆರೆಯೂ ಹೌದು, ಅಲೆಯುವುದೂ ಹೌದು. ಪಠ್ಯಪುಸ್ತಕದ ‘ಪ್ಲವಕ’ ಬರೀ ತೇಲುತ್ತದೆ. ಹರಿವು ಎಳೆದತ್ತ ಹೋಗುವ ಅರ್ಥ ಅದರಲ್ಲಿಲ್ಲ.

—

ಶಿಲ್ಪಕ್ಕೂ ಶಿಲೆಗೂ ನಂಟು ಕಟ್ಟಬೇಡಿ. ಮರ, ಲೋಹ, ದಂತ ಎಲ್ಲದರ ಕೆಲಸಕ್ಕೂ ಶಿಲ್ಪ ಎನ್ನುವುದು ಹಳೆಯ ಬಳಕೆ. ಕೆತ್ತನೆಯೇ ಇಲ್ಲಿ ತಪ್ಪು: ಕೆತ್ತುವುದೆಂದರೆ ಗಟ್ಟಿಯಿಂದ ಚೂರು ಚೂರಾಗಿ ತೆಗೆಯುವುದು, ಈ ಗೋಳ ಪಟ್ಟಿಗೆ ಪಟ್ಟಿ ಸೇರಿಸಿ ಕಟ್ಟಿದ್ದು. ‘ಅಲೆ’ ಮಾತ್ರ ನಿಜಕ್ಕೂ ಚೆನ್ನ. ‘ಉಸಿರಿ’ ಓದುಗರಿಗೆ ತೊಡಕು, ‘ಅಲೆಜೀವಿ’ ಸಾಕು.

ರೇಡಿಯೊಲೇರಿಯ ಹಾಗೇ ಇರಲಿ. ಸಾಗರ ಸಂಶೋಧನೆಗೆ ಹೋದ ಚಾಲೆಂಜರ್ ಹಡಗು ತಂದ ಮಾದರಿಗಳಿಂದಲೇ ಜೀವವಿಜ್ಞಾನಿ ಹೆಕೆಲ್ 1887ರ ವರದಿಯಲ್ಲಿ 3,500ಕ್ಕೂ ಹೆಚ್ಚು ಹೊಸ ಪ್ರಭೇದಗಳನ್ನು ವಿವರಿಸಿದ. ಹುಡುಕುವವರಿಗೆ ಆ ಹೆಸರೇ ದಾರಿ. ಫಲಕದಲ್ಲಿ ಡಯಾಟಂ ಎಂದು ಬರೆದುಬಿಡಬೇಡಿ. ಎರಡಕ್ಕೂ ಸಿಲಿಕಾ ಗೂಡು, ನಿಜ. ಆದರೆ ಡಯಾಟಂ ಪಾಚಿ, ಅದರ ಗೂಡು ಮುಚ್ಚಳ ಹಾಕಿದ ಡಬ್ಬಿಯಂತೆ ಎರಡು ಹೋಳು.

—

ಜೀವಿ ಸಂಸ್ಕೃತ. ಕೀಲೂ ಸಂಸ್ಕೃತದ ‘ಕೀಲ’ವೇ. ಹೀಗೆ ಒಂದೊಂದನ್ನೇ ಒಳಗೆ ಬಿಟ್ಟುಕೊಂಡರೆ ಕನ್ನಡಕ್ಕೆ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

—

ಬಡಗಿ, ಕಮ್ಮಾರರು ದಿನವಿಡೀ ಹೇಳುವ ಮಾತು ಎರವಲಲ್ಲ, ಕನ್ನಡ. ಅದಕ್ಕೆ ಉಕಾರ ಸೇರಿದಾಗಲೇ ಅದು ನಮ್ಮದಾಯಿತು.

—

‘ಕೀಲುಶಿಲ್ಪ: ರೇಡಿಯೊಲೇರಿಯ’ ಎಂದು ಕಳಿಸುತ್ತಿದ್ದೇನೆ, ಕೆಳಗಿನ ವಿವರದಲ್ಲಿ ‘ಅಲೆಜೀವಿ’. ಅಕ್ಷರ ಸಣ್ಣದಾದರೆ ‘ಲ್ಪ’ದ ಒತ್ತಿನೊಳಗೆ ಬಣ್ಣ ತುಂಬಿ ಮುಚ್ಚಿಹೋಗುತ್ತದಂತೆ, ಆ ಸಾಲನ್ನು ದೊಡ್ಡದು ಮಾಡಿಸುತ್ತೇನೆ.