ಸ್ಕಾಚ್ ಏಲ್ ರುಚಿ ನೋಡುವುದು: ಕೇಳಿ, ಹೇಳುತ್ತೇನೆ

ತೀರ್ಪುಗಾರ, ಎಡಿನ್‌ಬರೋ: ಬಿಯರ್ ಸ್ಪರ್ಧೆಗಳಲ್ಲಿ ಅಂಕ ಹಾಕುವವನು ನಾನು. ಇವತ್ತು ಸ್ಕಾಚ್ ಏಲ್, ಅಂದರೆ ವೀ ಹೆವಿ: ಸ್ಕಾಟ್ಲೆಂಡಿನ ಗಟ್ಟಿ, ಸಿಹಿ ಬಿಯರ್. ಕೊಂಡದ್ದೋ ಮನೆಯಲ್ಲಿ ಮಾಡಿದ್ದೋ, ಯಾವುದಾದರೂ ನಿಮ್ಮ ಊರಿನ ಹೆಸರು ಹಾಕಿ ಕೇಳಿ.

ಡಂಡೀ: ಸರ್, ಸ್ಕಾಟ್ಲೆಂಡಿನ ಟ್ರಾಕ್ವೇರ್ ಬ್ರೂವರಿಯ ಹೌಸ್ ಏಲ್ ತಂದೆ. ಫ್ರಿಜ್‌ನಿಂದ ತೆಗೆದು ಕುಡಿದರೆ ವಾಸನೆಯೇ ಇಲ್ಲ!

ತೀರ್ಪುಗಾರ: ತುಂಬಾ ತಣ್ಣಗಿತ್ತು. 10ರಿಂದ 13 ಡಿಗ್ರಿಗೆ ಬರಲಿ. ಗ್ಲಾಸನ್ನು ಅಂಗೈಯಲ್ಲಿ ಹಿಡಿದುಕೊಳ್ಳಿ. ಮೊದಲು ಮೂಗು, ಆಮೇಲೆ ನಾಲಿಗೆ. ಟಾಫಿ, ಕಂದಿಸಿದ ಸಕ್ಕರೆ, ಒಣದ್ರಾಕ್ಷಿ ಒಂದೊಂದಾಗಿ ಸಿಗುತ್ತವೆ. ಬಿಯರ್ ತೀರ್ಪುಗಾರರ ಸಂಸ್ಥೆಯಾದ ಬಿಜೆಸಿಪಿಯ ಅಂಕದ ಹಾಳೆಯಲ್ಲಿ 50 ಅಂಕಕ್ಕೆ ರುಚಿಗೆ 20, ವಾಸನೆಗೆ 12. ನೋಟಕ್ಕೆ ಬರೀ 3.

ಗ್ಲಾಸ್ಗೋ: ಹೊಗೆ ವಾಸನೆ ಇರಬೇಕಲ್ವಾ?

ತೀರ್ಪುಗಾರ: ಬೇಕಿಲ್ಲ. ಪೀಟ್, ಅಂದರೆ ಜೌಗು ನೆಲದ ಒಣ ಮಣ್ಣು, ಸುಟ್ಟ ಹೊಗೆ ವಿಸ್ಕಿಯದು.

ಲೀಡ್ಸ್: ಸರ್, ಮನೆಯಲ್ಲಿ ಮಾಡಿದ್ದು. ಹೈಡ್ರೋಮೀಟರಿನಲ್ಲಿ (ಸಕ್ಕರೆಯಿಂದ ಬರುವ ಸಾಂದ್ರತೆ ಅಳೆಯುವ ಸಾಧನ) 1.090ರಿಂದ ಶುರು, 1.028ಕ್ಕೆ ನಿಂತ ಮೇಲೆ ಬಾಟಲಿಗೆ ತುಂಬಿದೆ. ಆರು ವಾರಕ್ಕೆ ಮಂದವಾಗಿ, ಸಿಹಿಯಾಗಿ ಚೆನ್ನಾಗಿತ್ತು. ಈಗ ನಾಲ್ಕು ತಿಂಗಳು. ನೀರುನೀರಾಗಿದೆ, ಲವಂಗದ ವಾಸನೆ, ಮುಚ್ಚಳ ತೆಗೆದರೆ ನೊರೆ ಉಕ್ಕುತ್ತದೆ. ಮೆಟ್ಟಿಲ ಕೆಳಗೆ 22 ಬಾಟಲಿ ಇವೆ. ಶನಿವಾರ ಸ್ಪರ್ಧೆಗೆ ಕಳಿಸಲಾ?

ಗ್ಲಾಸ್ಗೋ: ಸ್ಕಾಟ್ಲೆಂಡಿನ ಬಿಯರ್ ಅಂದಮೇಲೆ ಹೊಗೆ ಇರಲೇಬೇಕು. ನಾನು ಕುಡಿದದ್ದರಲ್ಲಿ ಇತ್ತು.

ಅಬರ್ಡೀನ್: ಟ್ರಾಕ್ವೇರ್‌ನವರು 1965ರಲ್ಲಿ ಹಳೇ ಬ್ರೂವರಿಯನ್ನು ಮತ್ತೆ ಶುರುಮಾಡಿದರು. ಓಕ್ ತೊಟ್ಟಿಯಲ್ಲಿ ಹುದುಗಿಸುತ್ತಾರೆ. ಅದರಲ್ಲಿ ಹೊಗೆ ಎಲ್ಲಿದೆ ತೋರಿಸಿ.

ಗ್ಲಾಸ್ಗೋ: ಒಂದು ಬ್ರೂವರಿ ಇಟ್ಟುಕೊಂಡು ಪಾಠ ಹೇಳಬೇಡಿ.

ತೀರ್ಪುಗಾರ: ಲೀಡ್ಸ್, ಕಳಿಸಬೇಡಿ. ಈಗಲೇ ಓದಿ. ಈ ಬಿಯರ್ ಮಂದವಾಗಿರುವುದು ಮಾಮೂಲಿ ಯೀಸ್ಟ್ ತಿನ್ನಲಾಗದ ಸಕ್ಕರೆಗಳಿಂದ. ಬಾಟಲಿಗೆ ಸಕ್ಕರೆ ಜಾಸ್ತಿ ಬಿದ್ದಿದ್ದರೆ ನೊರೆ ಬರುತ್ತಿತ್ತು, ಅಷ್ಟೇ. ಲವಂಗದ ವಾಸನೆ ಬರುತ್ತಿರಲಿಲ್ಲ, ರುಚಿ ತೆಳುವಾಗುತ್ತಿರಲಿಲ್ಲ. ಮೂರೂ ಒಟ್ಟಿಗೆ ಬಂದಿವೆ ಅಂದರೆ ನನಗೆ ಕಾಡು ಯೀಸ್ಟಿನ, ಅಂದರೆ ನೀವು ಹಾಕದೆ ಹೊರಗಿನಿಂದ ಸೇರಿದ ಯೀಸ್ಟಿನ ಅನುಮಾನ. ಅದು ಆ ಸಕ್ಕರೆಯನ್ನೂ ತಿನ್ನುತ್ತದೆ, ತಿನ್ನುತ್ತಲೇ ಇರುತ್ತದೆ. 1.028 ಇದ್ದದ್ದು 1.020ಕ್ಕೆ ಇಳಿದರೂ ಬಿಯರಿನ ಸುಮಾರು ನಾಲ್ಕು ಪಟ್ಟು ಗಾತ್ರದ ಅನಿಲ ಹೆಚ್ಚಾಗುತ್ತದೆ. ಮಾಮೂಲಿ ಬಾಟಲಿ ಅದನ್ನು ತಡೆಯದೆ ಒಡೆಯಬಹುದು. ಮಕ್ಕಳನ್ನು ಆ ಕಡೆ ಬಿಡಬೇಡಿ. ಕಣ್ಣಿಗೆ ರಕ್ಷಣೆಯ ಕನ್ನಡಕ, ಕೈಗೆ ದಪ್ಪ ಗ್ಲೌಸ್, ಬಾಟಲಿಗಳ ಮೇಲೆ ದಪ್ಪ ಟವೆಲ್. ಅಲುಗಾಡಿಸದೆ ತಣ್ಣಗೆ ಮಾಡಿ, ಆಮೇಲೆ ಒಂದೊಂದೇ ತೆರೆದು ಸುರಿಯಿರಿ. ಒಂದು ಲೋಟದಷ್ಟು ಇಟ್ಟುಕೊಂಡು, ಗ್ಯಾಸ್ ಹೋದಮೇಲೆ ಹೈಡ್ರೋಮೀಟರ್ ಹಾಕಿ, ನನಗೆ ಹೇಳಿ.

ಬ್ರಿಸ್ಟಲ್: ಸರ್, ಒಂದು ಫಾರ್ವರ್ಡ್ ಬಂದಿತ್ತು. ಬಾಟಲಿಯನ್ನು ಬಿಸಿನೀರಲ್ಲಿ ಇಟ್ಟರೆ ಯೀಸ್ಟ್ ಸಾಯುತ್ತದಂತೆ. ಸುರಿಯೋದ್ಯಾಕೆ?

ತೀರ್ಪುಗಾರ: ಬೇಡ! ಬಿಸಿಯಾದರೆ ಒತ್ತಡ ಏರುತ್ತದೆ. ನೀವು ಹಾಗೆ ಮಾಡಿದರೆ ಗಾಜು ಮುಖಕ್ಕೆ ಹಾರುತ್ತದೆ. ಇಂಥದ್ದನ್ನು ಇಲ್ಲಿ ಹಾಕುವ ಮುಂಚೆ ಯೋಚನೆ ಮಾಡಿ.

ಬ್ರಿಸ್ಟಲ್: ಸುಮ್ನೆ ಕೇಳಿದೆ, ಅದಕ್ಕೆ ಇಷ್ಟು ಕೋಪನಾ?

ಅಬರ್ಡೀನ್: ಗಾಯ ಆಗೋ ಮಾತು ರೀ ಅದು.

ಡಂಡೀ: ಕುಡಿಯೋಕೆ ಥಿಸಲ್ ಹೂವಿನ ಆಕಾರದ ಗ್ಲಾಸೇ ಬೇಕಾ ಸರ್?

ಕಾರ್ಡಿಫ್: ಹೊಗೆ ವಾಸನೆ ಬರಲು ಯಾವ ಮಾಲ್ಟ್ (ಮೊಳಕೆ ಬರಿಸಿದ ಧಾನ್ಯ) ಹಾಕಬೇಕು?

ತೀರ್ಪುಗಾರ: ಕಾರ್ಡಿಫ್, ಹೊಗೆ ಬೇಕಿಲ್ಲ ಅಂತ ಮೇಲೆ ಹೇಳಿದ್ದೇನೆ. ಓದಿ.

ಗ್ಲಾಸ್ಗೋ: ನೋಡಿದಿರಾ, ಎಲ್ಲರೂ ಹೊಗೆಯನ್ನೇ ಕೇಳುತ್ತಿದ್ದಾರೆ.

ಅಬರ್ಡೀನ್: ಎಲ್ಲರೂ ಕೇಳಿದರೆ ನಿಜ ಆಗಲ್ಲ.

ಲೀಡ್ಸ್: ಸರ್, 1.017 ತೋರಿಸಿತು. ಇಪ್ಪತ್ತೆರಡೂ ಸುರಿದೆ. ತುಂಬಾ ಬೇಜಾರಾಯಿತು.

ತೀರ್ಪುಗಾರ: ಅನುಮಾನ ಗಟ್ಟಿಯಾಯಿತು. ಸುರಿದದ್ದು ಒಳ್ಳೆಯದಾಯಿತು. ಪ್ಲಾಸ್ಟಿಕ್ ಬಕೆಟ್, ಪೈಪು, ನಲ್ಲಿ ಎಲ್ಲ ಎಸೆಯಿರಿ. ಗೀರುಗಳಲ್ಲಿ ಕಾಡು ಯೀಸ್ಟ್ ಉಳಿದುಕೊಂಡಿರುತ್ತದೆ. ಆ ಆರನೇ ವಾರದ ಬಿಯರನ್ನು ಮತ್ತೆ ಮಾಡಿ, ಅದನ್ನು ನನಗೆ ಕಳಿಸಿ.