ಪದ ಬೇಕಾಗಿದೆ: ವೀವಿಲ್ (ನಾಳೆ ಬೆಳಿಗ್ಗೆಯೊಳಗೆ)

ಜಯನಗರದ ನಮ್ಮ ಬಡಾವಣೆಯ ಉದ್ಯಾನದಲ್ಲಿ ಮಕ್ಕಳು ಬೆಳೆಸಿದ ಬದನೆ ಮಡಿಗೆ ಫಲಕ ಬರೆಸುತ್ತಿದ್ದೇವೆ. ಕಂಡಕ್ಟರ್ ಟಿಕೆಟ್ಟಿಗೆ ತೂತು ಹಾಕಿದ ಹಾಗೆ ಎಲೆಗಳ ಅಂಚನ್ನೆಲ್ಲ ಕಚ್ಚಿ ತಿಂದಿರುವ ಜೀವಿ ಸಿಕ್ಕಿಬಿದ್ದಿದೆ. ಅಕ್ಕಿಕಾಳಿನಷ್ಟು ಉದ್ದ, ಮೈಗೆಲ್ಲ ವಿಭೂತಿ ಬಳಿದುಕೊಂಡಂಥ ಬಣ್ಣ. ಗಿಡ ಅಲುಗಿಸಿದರೆ ಸತ್ತಂತೆ ನಟಿಸಿ ಉದುರುತ್ತದೆ. ಕೀಟಶಾಸ್ತ್ರ ಓದಿದ ಗೆಳತಿ ನೋಡಿ, ‘ಮಿಲ್ಲೊಸೆರಸ್ ಕುಲದ್ದು, ಆ್ಯಷ್ ವೀವಿಲ್’ ಎಂದಳು. ವೀವಿಲ್ ಎಂದರೆ ಮೂತಿ ಮುಂದೆ ಚಾಚಿದ, ಗಟ್ಟಿ ರೆಕ್ಕೆಯ ಕೀಟವಂತೆ. ಅದಕ್ಕೊಂದು ಕನ್ನಡದ ಹೆಸರು ಬೇಕು. ಫಲಕ ಬರೆಯುವವರು ನಾಳೆ ಹತ್ತಕ್ಕೆ ಬರುತ್ತಾರೆ. ‘ಬೂದು ದುಂಬಿ’ ಎಂದರೆ ಸಾಕೇ?

ಮರು: ಪದ ಬೇಕಾಗಿದೆ

ಸಾಲದು. ದುಂಬಿ ಹೂವಿಗೆ ಬರುವುದು. ಹಳಗನ್ನಡದ ‘ತುಂಬಿ’ಯೇ ಸಮಾಸದಲ್ಲಿ ದುಂಬಿಯಾಗಿದೆ. ಪಂಪ ಬನವಾಸಿಯಲ್ಲಿ ಮರಿದುಂಬಿಯಾಗಿ ಹುಟ್ಟಲು ಬಯಸಿದ್ದು ಬದನೆ ಎಲೆ ಕಚ್ಚುವುದಕ್ಕಲ್ಲ. ಗಟ್ಟಿ ರೆಕ್ಕೆಯ ಹುಳುಗಳಿಗೆಲ್ಲ ದುಂಬಿ ಎಂದು ಹಣೆಪಟ್ಟಿ ಹಚ್ಚಿದವರು ಒಂದು ಒಳ್ಳೆಯ ಮಾತನ್ನು ಕೆಡಿಸಿದರು. ‘ಸೊಂಡಿಲುಕೀಟ’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ: ಶುಂಡಾದಿಂದ ಸೊಂಡಿಲು, ಕೀಟವಂತೂ ನೇರ ಸಂಸ್ಕೃತ. ಎರಡೂ ಸಾಲ. ‘ಮೂತಿಹುಳು’ ಎನ್ನಿ. ಅಚ್ಚಕನ್ನಡ.

ಮರು: ಮರು: ಪದ ಬೇಕಾಗಿದೆ

ಇಷ್ಟೆಲ್ಲ ಯಾಕೆ, ಕುಟ್ಟೆ ಎಂದರೆ ಆಯಿತು. ನಮ್ಮಜ್ಜಿ ಹೆಸರುಕಾಳಿನಲ್ಲಿ ಬಂದದ್ದಕ್ಕೆ ಅದನ್ನೇ ಹೇಳುತ್ತಿದ್ದರು.

ಮರು: ಮರು: ಮರು: ಪದ ಬೇಕಾಗಿದೆ

ಹೆಸರುಕಾಳಿನ ಕುಟ್ಟೆಗೆ ಮೂತಿಯೇ ಇಲ್ಲ. ಆ ಮಾತು ಅಲ್ಲಿಗೆ ಬಿಡಿ.

ಸಾಲದ ಲೆಕ್ಕ ಒಪ್ಪಿಸಿದವರಿಗೆ: ನಿಮ್ಮ ‘ಸಮಾಸ’ ಯಾವ ಹಿತ್ತಲಲ್ಲಿ ಬೆಳೆದದ್ದು? ಮೂತಿಹುಳು ಸರಿ, ಆದರೆ ಕಾರಣ ನಿಮ್ಮದಲ್ಲ. ತೆಂಗಿನ ತೋಟದವರ ಬಾಯಲ್ಲಿ ‘ಕೆಂಪು ಮೂತಿಹುಳು’ ಮೊದಲೇ ಇದೆ. ಅದರ ಕುಲಗೋತ್ರವನ್ನು ಅವರು ವಿಚಾರಿಸಲಿಲ್ಲ. ಸೊಂಡಿಲು ಬೇಡ ಎನ್ನುವುದಕ್ಕೂ ಸಂಸ್ಕೃತ ಅಡ್ಡಿಯಲ್ಲ. ಅಕ್ಕಿಯ ಹುಳುವಿಗಾದರೆ ಸೊಂಡಿಲು ಒಪ್ಪುತ್ತದೆ, ಅದರದು ನೀಳ ಮೂತಿ. ಮಿಲ್ಲೊಸೆರಸ್‌ನದು ಮೋಟು, ಅಗಲ ಮೂತಿ. ಭೂತಗನ್ನಡಿ ಹಿಡಿಯದೆ ಕಾಣುವುದೇ ಕಷ್ಟ, ಸೊಂಡಿಲು ಎಂದು ಬರೆದರೆ ಮಕ್ಕಳು ಹುಡುಕಿ ಸುಸ್ತಾಗುತ್ತಾರೆ.

ನನ್ನ ತಕರಾರು ‘ಹುಳು’ವಿನ ಮೇಲೆ. ಎಲೆಯ ಅಂಚು ಕಚ್ಚುವುದು ರೆಕ್ಕೆ ಬಲಿತದ್ದು. ಅದರ ಮರಿ ಮಣ್ಣಿನೊಳಗೆ, ಕಾಲಿಲ್ಲದ ಬಿಳಿ ಹುಳುವಾಗಿ, ಬೇರು ಮೇಯುತ್ತದೆ. ಗಿಡ ಬಾಡುವುದು ಇದರಿಂದ. ಎರಡಕ್ಕೂ ಹುಳು ಎಂದುಬಿಟ್ಟರೆ ಓದಿದವರು ಎಲೆಯ ಮೇಲಿರುವುದನ್ನಷ್ಟೇ ಆರಿಸಿ ಹಾಕಿ ಮನೆಗೆ ಹೋಗುತ್ತಾರೆ. ‘ಬೂದು ಮೂತಿಹುಳು: ದೊಡ್ಡದು ಎಲೆಯಲ್ಲಿ, ಮರಿ ಬೇರಿನಲ್ಲಿ’ ಎಂದು ಬರೆಸಿ.

ಮರು: ಮರು: ಮರು: ಮರು: ಪದ ಬೇಕಾಗಿದೆ

‘ಬೂದು’ ಬೂದಿಯಿಂದ ಬಂದದ್ದು. ಅದೂ ‘ಭೂತಿ’ಯ ತದ್ಭವ ಎನ್ನುವವರಿದ್ದಾರೆ. ಅಚ್ಚಕನ್ನಡದವರು ಈಗ ಏನೆನ್ನುತ್ತಾರೆ?

ಮರು: ಪದ ಬೇಕಾಗಿದೆ (ಬೇಡ, ಆಯಿತು)

ಎಲ್ಲರಿಗೂ ನಮಸ್ಕಾರ. ಕೊನೆಯಿಂದ ಎರಡನೆಯ ಪತ್ರದಲ್ಲಿದ್ದಂತೆಯೇ ಬರೆಸಿದೆ. ತಗಡು ಕಿರಿದಾಗಿ, ‘ಬೂದು ಮೂತಿ’ ಮೇಲಿನ ಸಾಲಿನಲ್ಲಿಯೂ ‘ಹುಳು’ ಕೆಳಗಿನ ಸಾಲಿನಲ್ಲಿಯೂ ಕೂತಿವೆ. ಸಮಾಸ ಒಡೆಯಿತೆಂದು ದಯವಿಟ್ಟು ಯಾರೂ ಬರೆಯಬೇಡಿ, ಬಣ್ಣ ಒಣಗಿದೆ.